ಆರು ಋತುಗಳಿಗೆ ಬಣ್ಣ

ಸಾಂತಾಕ್ರೂಜ್, ಮುಂಬಯಿ
೨೭-೭-೧೯೭೧

ಪ್ರೀತಿಯ ಪ್ರಫುಲ್ಲಾಳಿಗೆ ಸೋದರಮಾವನ ತುಂಬು ಹರಕೆ.

ಇಲ್ಲಿಯ ಒಂದು ವಿಮಾನವೂ ನಾನು ಮಾಡಿದ ಚಹಾ ಕುಡಿಯದೆ ನೆಲ ಬಿಟ್ಟು ಏಳುವುದಿಲ್ಲ. ಪೈಲಟ್‌ಗಳು ನಮ್ಮ ಹೋಟೆಲಿನ ಮುಂದೆ ಸಾಲು ನಿಲ್ಲುತ್ತಾರೆ. ಇಷ್ಟು ದೊಡ್ಡ ಜನವಾದರೂ ನಾನು ಸೌಖ್ಯವಾಗಿದ್ದೇನೆ. ನಿನ್ನ ಆರೋಗ್ಯ ಹೇಗುಂಟು? ಅಕ್ಕನ ಮಂಡಿನೋವು ಕಡಿಮೆಯಾಯಿತೆ? ಈ ಮಳೆಯಲ್ಲಿ ಅವಳನ್ನು ಗದ್ದೆಗೆ ಇಳಿಯಲು ಬಿಡಬೇಡ.

ಋತುಗಳ ಮೇಲೆ ನೀನು ಬರೆದ ಮಕ್ಕಳ ಪದ್ಯಗಳನ್ನು ಹೋಟೆಲಿನವರಿಗೆಲ್ಲ ಓದಿ ಹೇಳಿದೆ, ನಿನ್ನ ಶಾಲೆಯ ಮಕ್ಕಳು ಬರೆದ ಚಿತ್ರಗಳನ್ನೂ ತೋರಿಸಿದೆ. ಮುಂಬಯಿಯ ಪ್ರೆಸ್ಸುಗಳೆಲ್ಲ ನನ್ನ ಕಿಸೆಯಲ್ಲಿವೆ, ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಪುಸ್ತಕ ಹಂಚಬಹುದು ಎಂದು ಊರಿಗೆ ಬಂದಾಗ ಹೇಳಿದವನು ನಾನೇ. ಪ್ರೆಸ್ಸಿನವನು ಚಿತ್ರಗಳನ್ನೂ ನೀನು ಅಚ್ಚಿಗೆಂದು ಕೊಟ್ಟ ದುಡ್ಡನ್ನೂ ನೋಡಿ, "ಈ ಪೈಸೆಯಲ್ಲಿ ಕಪ್ಪು ಮಸಿ ಮಾತ್ರ. ಕಲರ್ ಬೇಕಾದ್ರೆ ಮೂರು ಪಟ್ಟು ಆಗ್ತದೆ" ಎಂದ. ವಸಂತದ ಪದ್ಯಕ್ಕೆ ಸೇವಂತಿ ಎಂಬ ಹುಡುಗಿ ಬರೆದ ಮಾವಿನ ಚಿಗುರು ನೋಡಿದ್ದೀಯಲ್ಲ, ಕೆಂಪು ಪೆನ್ಸಿಲ್ ಮುಗಿಯುವ ತನಕ ತಿಕ್ಕಿದ್ದಾಳೆ ಪೋಕರಿ. ಅದು ಕಪ್ಪಾಗಿ ಅಚ್ಚಾದರೆ ಸುಟ್ಟ ಮರದ ಹಾಗೆ ಕಂಡೀತು. ನನ್ನ ಮನಸ್ಸು ಒಪ್ಪಲಿಲ್ಲ.

ಇಲ್ಲಿ ಮಟ್ಕಾ ಎಂಬ ಜೂಜುಂಟು. ಒಂದು ಅಂಕಿಗೆ ಹಣ ಕಟ್ಟುವುದು, ಅದೇ ಬಂದರೆ ಒಂಬತ್ತು ಪಟ್ಟು. ಋತು ಆರು, ಪದ್ಯ ಆರು, ಚಿತ್ರ ಆರು. ದೇವರೇ ಅಂಕಿ ಬರೆದು ಕಳುಹಿಸಿದ್ದಾನೆಂದು, ಮಕ್ಕಳು ಗೇರುಬೀಜ ಹೆಕ್ಕಿ ಮಾರಿ ಕೂಡಿಸಿದ ದುಡ್ಡಿನಲ್ಲಿ ಒಂದಿಷ್ಟನ್ನು ಆರಕ್ಕೆ ಕಟ್ಟಿದೆ. ಬಂದದ್ದು ಎರಡು. ನನ್ನ ಪಕ್ಕದಲ್ಲಿ ದೋಸೆ ಹೊಯ್ಯುವ ಐತ, "ಪೂವಪ್ಪಣ್ಣ, ಬೊಂಬಾಯಿಯಲ್ಲಿ ಋತು ಎರಡೇ ಮಾರಾಯ್ರೆ, ಮಳೆ ಮತ್ತೆ ಸೆಕೆ. ಇಷ್ಟು ವರ್ಷ ಇದ್ದೂ ಗೊತ್ತಿಲ್ವಾ?" ಎಂದು ಬಿದ್ದು ಬಿದ್ದು ನಕ್ಕ. ಹೊಡೆಯಲು ಸೌಟು ಎತ್ತಿದೆ, ಕೈ ಬರಲಿಲ್ಲ.

ಈಗ ಕಪ್ಪು ಮಸಿಗೂ ದುಡ್ಡು ಸಾಲದು. ಸಂಬಳದ ಮುಂಗಡ ಕೇಳಿದರೆ ಹೋಟೆಲಿನ ಧಣಿಗಳು, "ಮಳೆಗಾಲದಲ್ಲಿ ಗಿರಾಕಿ ಎಲ್ಲುಂಟು?" ಎಂದರು. ದಿನವೂ ಪ್ರೆಸ್ಸಿನ ಎದುರು ಸ್ವಲ್ಪ ಹೊತ್ತು ನಿಂತು ಬರುತ್ತೇನೆ. ಚಿತ್ರಗಳನ್ನು ನೀರು ತಾಗದಂತೆ ಪ್ಲಾಸ್ಟಿಕ್ ಸುತ್ತಿ ಟ್ರಂಕಿನಲ್ಲಿ ಇಟ್ಟಿದ್ದೇನೆ. ಆಗಸ್ಟ್ ಹದಿನೈದಕ್ಕೆ ಪುಸ್ತಕ ಆಗದು ಮಗಳೇ. ಮಕ್ಕಳಿಗೆ ನೀನು ಏನು ಹೇಳಬೇಕೆಂದು ಎಷ್ಟು ಯೋಚಿಸಿದರೂ ನನಗೆ ತೋಚುತ್ತಿಲ್ಲ.

ಅಕ್ಕನಿಗೆ ನಮಸ್ಕಾರ ತಿಳಿಸು, ಕಾಗದ ಮಾತ್ರ ಓದಿ ಹೇಳಬೇಡ. ನೀನು ಸುಖವಾಗಿರು.

ನಿನ್ನ ಮಾವ,
ಪೂವಪ್ಪ

ಅಂಟಿಸುವ ಮುಂಚೆ ಇನ್ನೊಂದು ಮಾತು: ಒಂದಿಷ್ಟು ಎಂದು ಬರೆದದ್ದು ಸರಿಯಲ್ಲ. ಮೊದಲು ನೂರು ಕಟ್ಟಿದೆ. ಅದನ್ನು ಹಿಂದೆ ತರಲೆಂದು ಮರುದಿನ ಉಳಿದದ್ದನ್ನೂ ಆರಕ್ಕೇ ಕಟ್ಟಿದೆ. ಹೋದದ್ದು ಇನ್ನೂರ ಹದಿನೆಂಟು ರೂಪಾಯಿ, ಮಕ್ಕಳದ್ದು ಪೂರಾ.