ಸೋತವರು ಮಡಿಲು ತುಂಬಬೇಕು

ತರೀಕೆರೆಯ ಮಗಳಾದ ನನ್ನ ಅತ್ತೆಗೆ, ಕಡೂರಿನ ಮಗಳು ಗಿರಿಜಳ ಶರಣು.

ನೀವು ಹೋದ ಮೇಲೆ ಇದೇ ಮೊದಲ ಪಂದ್ಯಾವಳಿ. ಮೊನ್ನೆ ಮುಗಿಯಿತು. ಯಾರು ಗೆದ್ದರು ಅಂತ ಈಗಲೇ ಹೇಳುವುದಿಲ್ಲ, ತಾಳಿ. ಫೈನಲ್‌ಗೆ ಮುಂಚೆ ಒಂದು ವಾರವೆಲ್ಲ ನೀವು ನನ್ನನ್ನು ಕಾಡಿಸುತ್ತಿದ್ದಿರಲ್ಲ, ಈಗ ಸ್ವಲ್ಪ ಹೊತ್ತು ನೀವೂ ಕಾಯಿರಿ. ಅಲ್ಲಿ ನಿಮಗೇನು ಅವಸರ? ಇಲ್ಲಿ ಅಜ್ಜಂಪುರದಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಅಂಗಡಿ ನಡೆಯುತ್ತಿದೆ. ಹಜಾರಕ್ಕೆ ಟಿ.ವಿ. ಬಂದಿದೆ, ನಿಮ್ಮ ಮಗ ಅದರ ಮುಂದಿನಿಂದ ಏಳುವುದೇ ಇಲ್ಲ. ಅದರಲ್ಲಿ ಬರೀ ಕ್ರಿಕೆಟ್ಟು. ನಮ್ಮ ಬ್ಯಾಸ್ಕೆಟ್‌ಬಾಲ್ ಒಂದು ದಿನವಾದರೂ ತೋರಿಸಬಾರದಾ ಅಂತ ಬೈದುಕೊಂಡು ಒಳಗೆ ಹೋಗುತ್ತೇನೆ.

ನಾನು ನಿಮ್ಮ ಮನೆಗೆ ಬಂದ ಮೊದಲ ಚಳಿಗಾಲ ನೆನಪಿದೆಯಾ? ಎಮರ್ಜೆನ್ಸಿ ಇನ್ನೂ ಮುಗಿದಿರಲಿಲ್ಲ. ಅಂಗಡಿಗೆ ಬಂದ ಯಾರೋ, ಕಡೂರಲ್ಲಿ ಕಾಲೇಜು ಹುಡುಗರ ಆಟ ಶುರುವಾಗಿದೆ ಅಂತ ಮಾವನವರ ಹತ್ತಿರ ಹೇಳುತ್ತಿದ್ದರು. ಕಡೂರಿನಲ್ಲಿ ನಮ್ಮ ಮನೆಯ ಹಿಂದೆಯೇ ಆ ಮೈದಾನ. ನನಗೆ ಬುದ್ಧಿ ಬಂದಾಗಿನಿಂದ ಹಿತ್ತಲ ಗೋಡೆ ಹತ್ತಿ ಕೂತು ನೋಡಿದ ಆಟ ಅದು. ಆಡುವ ಭಾಗ್ಯ ನಮಗೆಲ್ಲಿತ್ತು, ಹುಡುಗಿಯರಿಗೆ ಟೀಮೇ ಇರಲಿಲ್ಲ. ಆದರೆ ಯಾವುದು ಫೌಲು, ಯಾವುದು ಅಲ್ಲ ಅಂತ ರೆಫರಿಗಿಂತ ಮುಂಚೆ ಕೂಗುತ್ತಿದ್ದವಳು ನಾನು. ಈಗ ನಾನು ಅಜ್ಜಂಪುರದ ಅಡುಗೆಮನೆಯಲ್ಲಿ, ಆಟ ಕಡೂರಿನಲ್ಲಿ. ದುಃಖ ತಡೆಯಲಾಗಲಿಲ್ಲ. ನೀವು ಒಳಗೆ ಬಂದಿರಿ.

"ಈರುಳ್ಳಿ ಇನ್ನೂ ಬುಟ್ಟೀಲೇ ಐತೆ, ಆಗ್ಲೇ ಕಣ್ಣೀರು ಹಾಕ್ತಿದ್ದೀಯಲ್ಲೇ. ಯಾರಾದ್ರೂ ಏನಾದ್ರೂ ಅಂದ್ರಾ?"

ಇಲ್ಲ ಅಂದೆ. ತವರಿನ ನೆನಪಾ ಅಂದಿರಿ. ಅದೂ ಅಲ್ಲ ಅಂದೆ. ಬಾಯಿ ಬಿಟ್ಟು ಹೇಳೇ ಅಂತ ಗದರಿದ ಮೇಲೆ ಹೇಳಿದೆ. ಬೇರೆ ಯಾವ ಅತ್ತೆಯಾದರೂ ಆಗಿದ್ದರೆ ಏನು ಮಾಡುತ್ತಿದ್ದರೋ! ನೀವು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಹೋದಿರಿ. "ಸೊಸೇನ ತವರಿಗೆ ತೋರಿಸ್ಕೊಂಡ್ ಬತ್ತೀನಿ ಕಣ್ರೀ" ಅಂತ ಮಾವನವರಿಗೆ ಹೇಳಿದ್ದು ನನಗೂ ಕೇಳಿಸಿತು. ಮಾರನೆಯ ಬೆಳಗ್ಗೆ ಬೀರೂರಿನಲ್ಲಿ ಗಾಡಿ ಬದಲಿಸಿ ಕಡೂರಿನಲ್ಲಿ ಇಳಿದೆವು. ಅಮ್ಮನ ಮನೆಯಲ್ಲಿ ನೀರು ಕುಡಿದಿದ್ದೇ ತಡ, ಮೈದಾನಕ್ಕೆ ಓಡಿದೆವು.

ಆ ದಿನ ನೀವು ಕೋರ್ಟಿನ ಅಂಚಿನಲ್ಲಿ ಚಪ್ಪಲಿ ಬಿಟ್ಟಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಸಿಮೆಂಟಿನದಲ್ಲ ಅದು, ಮಣ್ಣಿನದು. ರಾಗಿ ಕಣ ಮಾಡುವ ಹಾಗೆ ರೋಣಗಲ್ಲು ಎಳೆದು, ಸಗಣಿ ಬಗ್ಗಡ ಬಳಿದು, ಅದರ ಮೇಲೆ ಸುಣ್ಣದ ಗೆರೆ ಹಾಕಿರುತ್ತಿದ್ದರು. "ಕಣಕ್ಕೆ ಯಾರಾದ್ರೂ ಚಪ್ಲಿ ಹಾಕ್ಕೊಂಡ್ ಬತ್ತಾರೇನೇ" ಅಂದಿರಿ. ಆಟ ಶುರುವಾಯಿತು. ಬುಟ್ಟಿಗೆ ತಳವೇ ಇಲ್ಲ, ಹಾಕಿದ್ದೆಲ್ಲ ಕೆಳಗೇ ಬೀಳುತ್ತದೆ, ಇದಕ್ಕೆ ಇಷ್ಟೊಂದು ಹೊಡೆದಾಟವಾ ಅಂತ ನಗಾಡಿದಿರಿ. ನಾನು ಕಡೂರಿನವರ ಪರ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ನೀವು ಕೇಳಿದಿರಿ, "ಆ ಕಡೆ ಹುಡುಗ್ರು ಯಾವೂರೋರೇ?"

"ತರೀಕೆರೆಯೋರು ಅತ್ತೆ."

ಎದ್ದಿರಿ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿರಿ, ಮೈದಾನದ ಸುತ್ತ ನಡೆದುಕೊಂಡು ಹೋಗಿ ಆಚೆ ಬದಿಯಲ್ಲಿ ತರೀಕೆರೆಯವರ ನಡುವೆ ಕೂತುಬಿಟ್ಟಿರಿ! ಹೊಸ ಸೊಸೆಯನ್ನು ಒಬ್ಬಳೇ ಬಿಟ್ಟು! ಅಲ್ಲಿಂದ ನಿಮ್ಮ ದನಿ ಈಚೆಗೆ ಕೇಳುತ್ತಿತ್ತು, "ಓಡೋ ಲೇ, ಓಡೋ, ಹಿಂದೆ ಬಂದ ಕಣೋ!" ನಿಮಗೆ ಒಂದು ನಿಯಮವೂ ಗೊತ್ತಿರಲಿಲ್ಲ. ಆ ದಿನ ತರೀಕೆರೆ ಸೋತಿತು. ವಾಪಸು ಬರುವಾಗ ಸ್ಟೇಷನ್ನಿನ ದಾರಿಯವರೆಗೂ ನೀವು ನನ್ನ ಜೊತೆ ಮಾತಾಡಲಿಲ್ಲ.

ಸ್ಟೇಷನ್ನಿನ ಹತ್ತಿರ ಪುರಿ ಅಂಗಡಿ ಕಂಡಾಗ ನಿಂತಿರಿ. ಒಂದು ಸೇರು ಪುರಿ, ಒಂದು ಅಚ್ಚು ಬೆಲ್ಲ, ಒಂದು ತೆಂಗಿನಕಾಯಿ ಕೊಂಡು, "ಸೆರಗು ಹಿಡಿಯೇ" ಅಂದಿರಿ. "ತವರಿಗೆ ಬಂದ ಹುಡ್ಗಿ ಬರೀ ಮಡಿಲಲ್ಲಿ ಹೋಗ್ಬಾರ್ದು. ನಿಮ್ಮೂರು ಗೆದ್ದೈತೆ, ಸೋತೋಳು ನಾನು ತುಂಬ್ತೀನಿ. ನಮ್ಮೂರು ಗೆದ್ದಾಗ ನೀನು ತುಂಬ್ಬೇಕು. ಏನು?" ಗಾಳಿಗೆ ಅರ್ಧ ಪುರಿ ಹಾರಿಹೋಯಿತು. ನಾವಿಬ್ಬರೂ ರಸ್ತೆಯಲ್ಲಿ ನಿಂತು ಬಿದ್ದು ಬಿದ್ದು ನಕ್ಕೆವು. ಉಳಿದಿದ್ದರಲ್ಲಿ ಒಂದು ಹಿಡಿಯನ್ನು ನನ್ನಿಂದ ನಿಮ್ಮ ಕೈಗೇ ವಾಪಸು ಹಾಕಿಸಿಕೊಂಡಿರಿ. ಕೊಟ್ಟವರ ಮನೆ ಬರಿದಾಗಬಾರದು, ಒಂದು ಹಿಡಿ ಹಿಂದಕ್ಕೆ ಕೊಡಬೇಕು ಅಂತ ನನಗೆ ಹೇಳಿಕೊಟ್ಟಿದ್ದು ಅವತ್ತೇ.

ಮುಂದಿನ ಸಲ ಆಟ ತರೀಕೆರೆಯಲ್ಲಿತ್ತು. ನೀವು ಮೈದಾನಕ್ಕೆ ಹೋಗುವ ಮುಂಚೆ ನನ್ನನ್ನು ಒಂದು ಹಿಟ್ಟಿನ ಗಿರಣಿಯ ಮುಂದೆ ಕರೆದುಕೊಂಡು ಹೋದಿರಿ. ಒಳಗೆ ಬೆಲ್ಟು ತಿರುಗುತ್ತಿತ್ತು, ಹೆಂಗಸರು ಡಬ್ಬ ಇಟ್ಟುಕೊಂಡು ಸರದಿಯಲ್ಲಿ ಕೂತಿದ್ದರು. "ಆ ಮೋಟರ್ ಐತಲ್ಲ, ಅಲ್ಲೇ ಕಣೇ ನಮ್ಮವ್ವನ ಒಲೆ ಇದ್ದಿದ್ದು" ಅಂದಿರಿ. ನಿಮಗೆ ಅಣ್ಣ ತಮ್ಮಂದಿರಿರಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಮನೆ ಬೇರೆಯವರ ಪಾಲಾಗಿತ್ತು. ನಿಮ್ಮ ಮಡಿಲು ತುಂಬುವವರು ಆ ಊರಿನಲ್ಲಿ ಒಬ್ಬರೂ ಉಳಿದಿರಲಿಲ್ಲ. ಅವತ್ತು ಕೋರ್ಟಿಗೆ ಇಳಿದ ಐದು ಜನ ತರೀಕೆರೆ ಹುಡುಗರನ್ನು ತೋರಿಸಿ, "ಇವ್ರೇ ಇನ್ನು ನನ್ ತಮ್ಮಂದಿರು. ಒಂದೇ ಒಂದ್ಸಲ ಗೆದ್ದು ನನ್ ಮಡಿಲು ತುಂಬಿಸ್ಲಿ, ಸಾಕು" ಅಂದಿರಿ. ತಮಾಷೆಗೆ ಹೇಳಿದ್ದಲ್ಲ ಅಂತ ನನಗೆ ಗೊತ್ತಾಯಿತು. ಅವತ್ತು ಮನಸ್ಸಿನಲ್ಲೇ ಕಡೂರು ಸೋಲಲಿ ಅಂತ ಬೇಡಿಕೊಂಡೆ, ಆಣೆಗೂ. ಎಲ್ಲಿ ಸೋಲುತ್ತಾರೆ! ನಮ್ಮವರಲ್ಲಿ ಆ ಎಡಗೈ ಹುಡುಗ ಇದ್ದನಲ್ಲ.

ಆಮೇಲೆ ಪ್ರತಿ ವರ್ಷ ನೀವು ಮನೆಯಿಂದಲೇ ಅಕ್ಕಿ, ಬೆಲ್ಲ, ಕಾಯಿ, ಕುಪ್ಪಸದ ಕಣ ಗಂಟು ಕಟ್ಟಿಕೊಂಡು ಹೊರಡುತ್ತಿದ್ದಿರಿ. ಸೋಲೋಕೆ ತಯಾರಾಗಿ ಹೊರಟಿದ್ದೀರಲ್ಲ ಅಂದರೆ, "ಗೆದ್ರೆ ಇದನ್ನೇ ನೀನು ನಂಗೆ ಹಾಕ್ತೀಯ. ಅಕ್ಕಿ ಒಂದೇ ಮೂಟೇದು ತಾನೆ?" ಅನ್ನುತ್ತಿದ್ದಿರಿ. ಆಟದ ಒಳಗುಟ್ಟೆಲ್ಲ ಕಲಿತಿರಿ. ಎಲ್ಲರೂ ಚೆಂಡು ಹಾಕಿದವನಿಗೆ ಚಪ್ಪಾಳೆ ತಟ್ಟಿದರೆ ನೀವು ಅದಕ್ಕೆ ಮುಂಚೆ ಅವನ ಕೈಗೆ ಚೆಂಡು ಕೊಟ್ಟವನನ್ನು ಹುಡುಕುತ್ತಿದ್ದಿರಿ. "ಹಾಕ್ದೋನ್ನ ಊರೆಲ್ಲ ನೋಡುತ್ತೆ. ಕೊಟ್ಟೋನ್ನ ನೋಡೇ, ಅಗೋ ಆ ಕುಳ್ಳ, ಎಷ್ಟು ಒಳ್ಳೇ ಹುಡ್ಗ!" ಗೋಡೆ ಹತ್ತಿ ಅಷ್ಟು ವರ್ಷ ಆಟ ನೋಡಿದ್ದ ನಾನು ಕೊಟ್ಟವನನ್ನು ನೋಡಿಯೇ ಇರಲಿಲ್ಲ ಅತ್ತೆ. ಈಗ ಎಲ್ಲೇ ಆಟ ನೋಡಿದರೂ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಮಾವನವರು ತೀರಿಕೊಂಡ ವರ್ಷ... ಅದನ್ನು ಹೇಗೆ ಬರೆಯಲಿ? ಮಳೆಗಾಲದಲ್ಲಿ ಹೋದರು. ಚಳಿಗಾಲದಲ್ಲಿ ಆಟ ಬಂತು, ನನಗೆ ಆಗ ಐದು ತಿಂಗಳು. ಮದುವೆಯಾಗಿ ಇಷ್ಟು ದಿನಕ್ಕೆ ನಿಂತ ಬಸುರು ಅಂತ ಎಲ್ಲರಿಗೂ ಭಯ. ಮಾವನವರ ಅಕ್ಕ ಸಿದ್ದಮ್ಮನವರು ಬಂದು ಮನೆಯಲ್ಲೇ ಇದ್ದರು. ನಾನು ನಿಮ್ಮನ್ನು ಹೊರಡಿ ಅಂದಾಗ ಅವರು ಹಜಾರದಿಂದಲೇ, "ಹಣೆ ಬರಿದಾದ್ಮೇಲೆ ಆಟ ಏನಮ್ಮಾ ಆಟ? ಅದೂ ಬಸುರಿ ಜೊತೇಲಿ" ಅಂದರು. ನಿಮ್ಮನ್ನು ಬಿಟ್ಟು ನಾನು ಹೋಗೋದೇ ಇಲ್ಲ ಅಂತ ಹಟ ಹಿಡಿದೆ, ನಿಮ್ಮ ಮಗನೂ ನನ್ನ ಪರ ಒಂದು ಮಾತಾಡಿದರು. ಕೊನೆಗೆ ಬಂದಿರಿ. ಆದರೆ ಗಂಟು ತರಲಿಲ್ಲ.

ಆ ಫೈನಲ್ ನಿಮಗೆ ಮರೆತಿರಲಿಕ್ಕಿಲ್ಲ. ತರೀಕೆರೆ ಒಂದೇ ಒಂದು ಬುಟ್ಟಿಯಲ್ಲಿ ಸೋತಿತು. ನೀವು ಆಚೆ ಬದಿಯಿಂದ ನಿಧಾನವಾಗಿ ನಡೆದು ಬಂದಿರಿ. ನಾನು ಸೆರಗು ಹಿಡಿದೆ.

"ಬೇಡ ಕಣೇ" ಅಂದಿರಿ. "ಇನ್ನು ನನ್ ಕೈಲಿ ಬೇಡ. ಮನೆಗೆ ಹೋಗಿ ಬೇರೆ ಯಾರಾದ್ರೂ ಮುತ್ತೈದೆ ಕೈಲಿ ತುಂಬಿಸ್ತೀನಿ."

"ಸೋತಿರೋದು ನೀವಾ, ಅವ್ರಾ?"

"ಜನ ನೋಡ್ತವ್ರೆ, ಸೆರಗು ಬಿಡು. ಹೊಟ್ಟೇಲಿರೋ ಕೂಸಿಗೆ ಏನಾದ್ರೂ ಆದ್ರೆ..."

ನನಗೆ ಎಲ್ಲಿತ್ತೋ ಸಿಟ್ಟು, ಬಂದುಬಿಟ್ಟಿತು. "ಐದು ಫೌಲ್ ಆದೋರ್ ತರ ಹೊರಗೆ ಹೋಗಿ ಕೂರ್ತೀನಿ ಅಂತೀರಲ್ಲ, ನಿಮ್ಗೆ ಸೀಟಿ ಊದಿದ್ದು ಯಾರು? ನೀವು ಮಾಡಿದ ಫೌಲ್ ಯಾವ್ದು, ಹೇಳಿ ನೋಡೋಣ?" ಅಂತ ಮೈದಾನವೆಲ್ಲ ಕೇಳುವ ಹಾಗೆ ಕಿರುಚಿದೆ. ಆಮೇಲೆ ನನ್ನ ಚೀಲದಿಂದ ಗಂಟು ತೆಗೆದು ನಿಮ್ಮ ಕೈಗೆ ಕೊಟ್ಟೆ. ನೀವು ತರುವುದಿಲ್ಲ ಅಂತ ಗೊತ್ತಿತ್ತು, ನಿಮ್ಮ ಪರವಾಗಿ ನಾನೇ ಕಟ್ಟಿಕೊಂಡು ಬಂದಿದ್ದೆ. ಅಕ್ಕಿ ಹಾಕುತ್ತಾ ಹಾಕುತ್ತಾ ಅತ್ತುಬಿಟ್ಟಿರಿ. ನಾನೂ ಅತ್ತುಬಿಟ್ಟೆ. ಪಕ್ಕದಲ್ಲಿ ಕಡೂರಿನ ಹುಡುಗರು ಕಪ್ ಎತ್ತಿಕೊಂಡು ಕುಣಿಯುತ್ತಿದ್ದರು, ನಮ್ಮ ಕಡೆ ಯಾರೂ ನೋಡಲೂ ಇಲ್ಲ. ಒಂದು ಹಿಡಿ ತೆಗೆದು ನಿಮ್ಮ ಕೈಗೆ ಹಿಂದಕ್ಕೆ ಹಾಕಿದೆ.

ಒಂದು ಮಾತು ಹೇಳಿಬಿಡುತ್ತೇನೆ. ಹೆರಿಗೆಯಾಗುವವರೆಗೂ ನನಗೆ ಒಳಗೊಳಗೇ ಹೆದರಿಕೆ ಇತ್ತು. ನನ್ನ ಜೀವದ ಬಗ್ಗೆ ಅಲ್ಲ. ಕೂಸಿಗೆ ಒಂದು ಸಣ್ಣ ನೆಗಡಿಯಾದರೂ ಊರು ನಿಮ್ಮ ಕೈ ಕಡೆ ಬೆರಳು ತೋರಿಸುತ್ತದಲ್ಲ, ಆ ಹೆದರಿಕೆ. ನೀವೂ ಆ ನಾಲ್ಕು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ, ನಾನು ನೋಡಿದ್ದೇನೆ. ಉಮಾ ಹುಟ್ಟಿದಳು. ಊರೆಲ್ಲ ಕೇಳುವ ಹಾಗೆ ಅತ್ತುಕೊಂಡೇ ಹುಟ್ಟಿದಳು. ಸಿದ್ದಮ್ಮನವರೇ ಎರೆದು, ಸುತ್ತಿ, ತಂದು ನಿಮ್ಮ ತೊಡೆಯ ಮೇಲೆ ಮಲಗಿಸಿ, "ತಗೋ ತಾಯಿ, ನಿನ್ ಹಂಗೇ ಗಂಟಲು" ಅಂದರು. ಅವರೂ ಕೆಟ್ಟವರಲ್ಲ ಬಿಡಿ.

ಆ ಹುಡುಗಿಯನ್ನು ನೀವು ಏನು ಮಾಡಿದಿರಿ ನೋಡಿ! ನಾನು ಹೆತ್ತಿದ್ದು, ನಡೆಯಲು ಬರುವ ಮುಂಚೆಯೇ ಎತ್ತಿಕೊಂಡು ಹೋಗಿ ಆಚೆ ಬದಿಯಲ್ಲಿ ಕೂರಿಸಿಕೊಂಡಿರಿ. ಕಡೂರಿನ ಮೊಮ್ಮಗಳು ತರೀಕೆರೆಗೆ ಜೈ ಅನ್ನುತ್ತಾಳೆ ಅಂತ ನಮ್ಮಮ್ಮ ಗೋಳಾಡುತ್ತಿದ್ದರು. ಅಷ್ಟು ವರ್ಷ ನೀವಿಬ್ಬರೂ ಕೂಗಿದ್ದು ಕೂಗಿದ್ದೇ, ತರೀಕೆರೆ ಗೆದ್ದಿದ್ದು ಮಾತ್ರ ಇಲ್ಲ. ಆದರೂ ನಿಮ್ಮ ಮುಖದಲ್ಲಿ ಬೇಜಾರು ನೋಡಲಿಲ್ಲ. ಹೋದ ಮಳೆಗಾಲದಲ್ಲಿ ಹಾಸಿಗೆ ಹಿಡಿದಾಗಲೂ, "ನಮ್ಮೂರ ಆ ಉದ್ದನೆ ಹುಡ್ಗ ಈ ವರ್ಷಕ್ಕೆ ಇನ್ನೂ ಒಂದ್ ಗೇಣು ಬೆಳೆದಿರ್ತಾನೆ ಬಿಡೇ" ಅಂತಲೇ ಅಂದಿರಿ. ಅವನು ಬೆಳೆದ. ನೀವು ಇರಲಿಲ್ಲ.

ಈ ಸಲ ಆಟ ಕಡೂರಿನಲ್ಲಿ. ಹೋಗುವುದೋ ಬೇಡವೋ ಅಂತ ನಾನು ಕೂತಿದ್ದರೆ ಉಮಾ ಆಗಲೇ ಜಡೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಗಂಟು ಕಟ್ಟಿದೆ. ಯಾಕೆ, ಯಾರಿಗೆ ಅಂತ ನನಗೇ ಗೊತ್ತಿರಲಿಲ್ಲ, ಕೈ ತಾನಾಗಿ ಮೂಟೆಗೆ ಹೋಯಿತು. ಮೈದಾನದಲ್ಲಿ ಅವಳು ನನ್ನನ್ನು ಕೇಳಲೂ ಇಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ಸುತ್ತು ಹಾಕಿ ನಿಮ್ಮ ಜಾಗದಲ್ಲಿ ಹೋಗಿ ಕೂತಳು. ಫೈನಲ್ ಕೊನೆಯ ಗಳಿಗೆ, ಎರಡೂ ಕಡೆ ಸಮ. ಉದ್ದನೆ ಹುಡುಗನ ಮೇಲೆ ನಮ್ಮವರು ಇಬ್ಬರು ಮುತ್ತಿಕೊಂಡರು. ಅವನು ಚೆಂಡನ್ನು ತಾನು ಎಸೆಯಲಿಲ್ಲ ಅತ್ತೆ. ಬಗ್ಗಿ, ಅವರ ಕಾಲ ಸಂದಿಯಿಂದ ಒಬ್ಬ ಸಣ್ಣ ಹುಡುಗನಿಗೆ ಉರುಳಿಸಿಬಿಟ್ಟ. ಆ ಹುಡುಗ ಹಾಕಿದ. ಸೀಟಿ ಊದಿದರು. ಮೈದಾನವೆಲ್ಲ ಹಾಕಿದವನ ಹೆಸರು ಕೂಗುತ್ತಿರುವಾಗ ಆಚೆಯಿಂದ ಒಂದೇ ಒಂದು ದನಿ, "ಕೊಟ್ಟೋನ್ನ ನೋಡ್ರೋ! ಕೊಟ್ಟೋನ್ನ ನೋಡ್ರೋ!"

ಗೆದ್ದಿತು ಅತ್ತೆ. ನಿಮ್ಮ ತರೀಕೆರೆ ಗೆದ್ದಿತು.

ಕಡೂರಿನವರ ನಡುವೆ ಕೂತು ಚಪ್ಪಾಳೆ ತಟ್ಟಿ ಅಳುತ್ತಿದ್ದ ನನ್ನನ್ನು ಅಕ್ಕಪಕ್ಕದವರು ಹುಚ್ಚಿಯ ಹಾಗೆ ನೋಡಿದರು. ಉಮಾ ಬಂದು ನನ್ನ ಮುಂದೆ ನಿಂತು ಎರಡೂ ಕೈಯಲ್ಲಿ ಫ್ರಾಕು ಹಿಡಿದಳು. "ಅಮ್ಮ, ಸೋತಿದ್ದೀಯ. ಅಜ್ಜೀದು ನಂಗೆ ತುಂಬು." ಯಾವ ಕೈ ತಗುಲಿದರೆ ಏನಾದೀತೋ ಅಂತ ನಾವು ಹೆದರಿದ್ದ ಕೂಸು, ನಿಮ್ಮ ಪಾಲಿನದನ್ನು ಕೇಳುತ್ತಾ ನಿಂತಿತ್ತು. ಸೇರು ಅಕ್ಕಿ, ಬೆಲ್ಲ, ಕಾಯಿ, ಎಲ್ಲ ಹಾಕಿದೆ. ಫ್ರಾಕು ಜಗ್ಗಿತು. ನಾನು ಏನೂ ಹೇಳದೆ ಇದ್ದರೂ ಅವಳು ಒಂದು ಹಿಡಿ ತೆಗೆದು ನನ್ನ ಕೈಗೆ ವಾಪಸು ಹಾಕಿದಳು. "ತಗೋ, ನಿಮ್ಮೂರು ಬರಿದಾಗ್ಬಾರ್ದು. ಅಜ್ಜಿ ಹೇಳಿದ್ಲು."

ಆ ಹಿಡಿ ಅಕ್ಕಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದೆ. ಉಳಿದಿದ್ದರಲ್ಲಿ ಇವತ್ತು ಪಾಯಸ ಮಾಡಿ ಮೊದಲು ನಿಮ್ಮ ಫೋಟೋದ ಮುಂದೆ ಇಟ್ಟಿದ್ದೇನೆ, ತಣ್ಣಗಾಗುವ ಮುಂಚೆ ತಿನ್ನಿ. ಮುಂದಿನ ವರ್ಷ ಆಟ ತರೀಕೆರೆಯಲ್ಲಂತೆ. ಮೊದಲು ಗಿರಣಿಯ ಮುಂದೆ ನಿಂತು, ಆಮೇಲೆ ಮೈದಾನಕ್ಕೆ ಹೋಗುತ್ತೇವೆ. ನಿಮ್ಮ ಮೊಮ್ಮಗಳು ನಿಮ್ಮ ಕಡೆಯೇ ಕೂರುತ್ತಾಳೆ, ನಾನು ತಡೆಯುವುದಿಲ್ಲ. ಆದರೆ ಒಂದು ಸಲ ಗೆದ್ದಿರಿ ಅಂತ ಜಂಬ ಬೇಡ. ಬರೋ ವರ್ಷ ನೋಡ್ಕೊಳ್ತೀವಿ ಕಣ್ರೀ ಅತ್ತೆ.

ನಿಮ್ಮ
ಗಿರಿಜ