ಒದ್ದೆ ತೋಳು

ರೀ,

ನೀವಿಲ್ಲದ ಈ ಮೊದಲ ಮಳೆಗಾಲದಲ್ಲಿ ನಮ್ಮ ಉಪ್ಪುನೀರಿನ ಈಜುಕೊಳ ಹಸಿರಾಗಿಬಿಟ್ಟಿತ್ತು. ಉಪ್ಪುನೀರಿಗೆಲ್ಲಿಯ ಪಾಚಿ ಎಂದು ವಾದಿಸುತ್ತಿದ್ದವಳು ನಾನು! ಮೇಲಿನ ನೀರನ್ನಷ್ಟೇ ತೆಗೆದು ಪರೀಕ್ಷಿಸಿ, ಎಲ್ಲ ಸರಿಯಿದೆ ಅಂದುಕೊಳ್ಳುತ್ತಿದ್ದೆ. ಮೊನ್ನೆ ನಿಮ್ಮಂತೆಯೇ ಮೊಣಕೈವರೆಗೆ ಕೈ ಇಳಿಸಿ ಕೆಳಗಿನ ನೀರು ತೆಗೆದೆ. ಮಳೆನೀರು ಬೆರೆತು ಉಪ್ಪು ಕಡಿಮೆಯಾಗಿತ್ತು, ಕ್ಲೋರಿನ್ ಇರಲೇ ಇಲ್ಲ. ಎರಡನ್ನೂ ಹಾಕಿ ಗೋಡೆಗಳನ್ನು ಉಜ್ಜಿದೆ.

ಇವತ್ತು ಬೆಳಗ್ಗೆ ಮತ್ತೆ ನೀರು ತೆಗೆಯುವಾಗ ನಮ್ಮ ಕೃತಿ ಬಗ್ಗಿ ನೋಡಿ, "ಅಮ್ಮಾ, ಅಡಿ ಕಾಣಾಂ!" ಎಂದು ಮಲಯಾಳದಲ್ಲೇ ಕೂಗಿದಳು, ತಳ ಕಾಣುತ್ತಿದೆಯಂತೆ. ತಳದ ನೀಲಿ ಟೈಲ್ಸ್ ನನಗೂ ಕಂಡವು. ಪರೀಕ್ಷೆಯ ಬಣ್ಣವೂ ಸರಿಯಾಗಿ ಬಂತು. ಎಷ್ಟೋ ತಿಂಗಳ ಮೇಲೆ ಮಗಳು ನೀರಿಗಿಳಿದಳು.

ಆಫೀಸಿಗೆ ಹೊರಡುವಾಗ ಅಂಗಿಯ ತೋಳು ಒದ್ದೆಯೆಂದು ನಿಮ್ಮನ್ನು ಬೈಯುತ್ತಿದ್ದೆನಲ್ಲ? ಈಗ ಪಾಲಾರಿವಟ್ಟಂನ ಬ್ಯಾಂಕಿನಲ್ಲಿ ನನ್ನ ಕೆಲಸದ ಮೇಜಿನ ಮುಂದೆ ಒದ್ದೆ ತೋಳಲ್ಲೇ ಕೂತಿದ್ದೇನೆ. ಬೇಗ ಒಣಗದಿರಲಿ.