ಉಪ್ಪಿನ ಗೋದಾಮಿನ ಶಾಲೆ

ಶೆಕ್ ಮೂನ್ ಕೊಲ್ಲಿ, ಹಾಂಗ್‌ಕಾಂಗ್
೧೯೨೧ರ ಡಿಸೆಂಬರ್, ಭಾನುವಾರ

ಪ್ರೀತಿಯ ಯಿಕ್-ಚುನ್ ಅವರಿಗೆ,

'ಪ್ರೀತಿಯ' ಎಂದು ಬರೆಯುವ ಹಕ್ಕು ನನಗೆ ಇನ್ನೂ ಇದೆಯೆಂದು ನಂಬಿ ಬರೆದಿದ್ದೇನೆ. ಇಲ್ಲವೆನಿಸಿದರೆ ಹೊಡೆದುಹಾಕಿ. ನೀವು ಮೇಷ್ಟರು, ಕೆಂಪು ಶಾಯಿ ನಿಮ್ಮ ಕೈಗೆಟುಕುವಷ್ಟು ಹತ್ತಿರವೇ ಇರುತ್ತದೆ.

ನಿಮ್ಮ ಪತ್ರ ಶನಿವಾರದ ಸ್ಟೀಮರಿನಲ್ಲಿ ಬಂತು. ಈ ಶಾಲೆಯಿಂದ ವರ್ಗ ಕೇಳಿ ಅರ್ಜಿ ಹಾಕು ಎಂದಿದ್ದೀರಿ. ಅಂದು ಸಭೆಯಲ್ಲಿ ಹೇಳಿದ್ದು ಸಿಟ್ಟಿನ ಭರದಲ್ಲಿ ಬಾಯಿ ತಪ್ಪಿ ಬಂದ ಮಾತು ಎಂದು ಇಲಾಖೆಗೆ ಬರೆದುಕೊಡು ಎಂದಿದ್ದೀರಿ. ಈಗ ನನ್ನ ಜೊತೆಗಿರುವ ಮುದುಕಿ ಯಾರೆಂದು ಯಾರಾದರೂ ಕೇಳಿದರೆ ಚಿಕ್ಕಂದಿನಲ್ಲಿ ನನ್ನನ್ನು ಸಾಕಿದ ಆಳು ಎನ್ನಬೇಕಂತೆ.

ಮಾಡುವುದಿಲ್ಲ. ಒಂದನ್ನೂ ಮಾಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಸಮಾಧಾನದಿಂದ ಓದುತ್ತೀರಿ. ಸ್ಟೀಮರಿನವರ ಬಾಯಲ್ಲಿ ಸುದ್ದಿ ಕೇಳಿದೆನೆಂದು ಬರೆದಿದ್ದೀರಿ. ಅವರು ಅರ್ಧ ಹೇಳಿರುತ್ತಾರೆ. ಪೂರ್ತಿ ನಾನು ಹೇಳುತ್ತೇನೆ.

ನಿಮ್ಮನ್ನು ಪಟ್ಟಣದಲ್ಲಿ ಬಿಟ್ಟು ಕೆಲಸಕ್ಕೆಂದು ನಾನು ಇಲ್ಲಿಗೆ ಬಂದಾಗ ಶಾಲೆ ಎಂದರೆ ಹಳೆಯ ಉಪ್ಪಿನ ಗೋದಾಮು. ಸುಣ್ಣ ಬಳಿದು, ಬೆಂಚು ಹಾಕಿ, ಬಾಗಿಲ ಮೇಲೆ ಇಂಗ್ಲಿಷಿನಲ್ಲೂ ಚೀನೀ ಅಕ್ಷರದಲ್ಲೂ 'ಸರ್ಕಾರಿ ಬಾಲಕಿಯರ ಶಾಲೆ' ಎಂದು ಬರೆಸಿದ್ದರು. ಗೋಡೆ ಈಗಲೂ ಬೆವರುತ್ತದೆ. ಮಳೆಗಾಲದಲ್ಲಿ ಸ್ಲೇಟನ್ನು ಮುಟ್ಟಿದ ಬೆರಳು ನೆಕ್ಕಿದರೆ ಉಪ್ಪು. ಹಿಂದಿನ ಕಿಟಕಿ ಸಮುದ್ರಕ್ಕೆ ತೆರೆದುಕೊಳ್ಳುತ್ತದೆ. ಅದರ ಕೆಳಗೇ, ನೀರಿನವರು ಎಂದು ದಡದವರು ದೂರವಿಡುವ, ದೋಣಿಯಲ್ಲೇ ಹುಟ್ಟಿ ಬಾಳುವ ಜನರ ದೋಣಿಗಳು ಸಾಲಾಗಿ ನಿಲ್ಲುತ್ತವೆ. ನೀರು ಏರಿದಾಗ ದೋಣಿಯ ಮೇಲೆ ಕುಳಿತವರ ತಲೆ ಕಿಟಕಿಯ ಮಟ್ಟಕ್ಕೆ ಬರುತ್ತದೆ.

ಆ-ಹೋಯ್ ಎಂಬ ಹುಡುಗಿಯನ್ನು ನಾನು ಕಂಡದ್ದು ಹಾಗೆ. ಅಜ್ಜಿಯ ಜೊತೆ ಬಲೆ ಹೆಣೆಯುತ್ತ ಕೂತಿರುತ್ತಿದ್ದಳು. ಒಳಗೆ ನಾನು ಲೆಕ್ಕ ಕೇಳಿದರೆ ಹೊರಗಿನಿಂದ ಉತ್ತರ ಕೂಗುತ್ತಿದ್ದಳು. ಬುದ್ಧಿವಂತೆ ಎಂದುಕೊಳ್ಳಬೇಡಿ, ಮುಕ್ಕಾಲು ಪಾಲು ತಪ್ಪು ಉತ್ತರವೇ. ಆದರೆ ಎಂಥ ಗಂಟಲು! ಬೆಂಚಿನ ಮೇಲಿದ್ದ ದಡದ ಹುಡುಗಿಯರು ಸರಿ ಉತ್ತರವನ್ನೂ ಪಿಸುಗುಟ್ಟುತ್ತಿದ್ದರು, ಇವಳು ತಪ್ಪನ್ನೂ ಕೊಲ್ಲಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಒಂದು ದಿನ ನನಗೆ ರೇಗಿತು. ಕಿಟಕಿಯಿಂದ ತಲೆ ಹಾಕಿ, ಅಷ್ಟೊಂದು ಹೇಳೋದಿದ್ದರೆ ಒಳಗೆ ಬಂದು ಹೇಳು ಎಂದೆ.

ಅವಳು ಬಂದಳು. ಕಾಲು ತೊಳೆದುಕೊಂಡು, ಹೊಸ್ತಿಲ ಹೊರಗೆ ನಿಂತು, ಕಾಲನ್ನೇ ನೋಡಿಕೊಂಡು, ಮತ್ತೆ ಹೋಗಿ ತೊಳೆದುಕೊಂಡು ಬಂದಳು. ಚಿಕ್ಕಂದಿನಲ್ಲಿ ನಾನೂ ಅದನ್ನೇ ಮಾಡಿದ್ದೆ. ಮಿಷನ್ ಮನೆಯ ಅಡುಗೆಯವರಿಗೆ ಮೀನು ಕೊಡಲು ಅವ್ವ ಹೋಗುತ್ತಿದ್ದಾಗ ಆ ಮನೆಯ ಮೇಡಂ ನನ್ನನ್ನು ಓದಿಸಲು ಇಟ್ಟುಕೊಂಡದ್ದು, ಪುಯ್-ಲಾನ್ ಎಂದು ಹೆಸರಿಟ್ಟದ್ದು, ಅಪ್ಪ ಅಮ್ಮ ಇಲ್ಲದ ಅಕ್ಕಿ ವ್ಯಾಪಾರಿಯ ಮಗಳು ಎಂದು ನಾನು ಎಲ್ಲರಿಗೂ ಹೇಳಿದ್ದು, ಎಲ್ಲ ನಿಮಗೆ ಗೊತ್ತು. ಮದುವೆಗೆ ಮುಂಚೆಯೇ ನಿಮಗೆ ನಿಜ ಹೇಳಿದ್ದೆ. ನಿನ್ನ ತಪ್ಪೇನಿದೆ ಎಂದಿರಿ, ಆದರೆ ನಮ್ಮ ಮನೆಯವರಿಗೆ ತಿಳಿಯುವುದು ಬೇಡ ಎಂದಿರಿ. ಮದುವೆಯ ದಿನ ಅವ್ವ ಅಡುಗೆಮನೆಯಲ್ಲಿ ಆಳುಗಳ ಜೊತೆ ಕೂತಿದ್ದಳು. ಆಳುಗಳಿಗೆ ಇನಾಮು ಹಾಕಿ ಕೊಡುವ ಕೆಂಪು ಲಕೋಟೆಯನ್ನು ನಿಮ್ಮ ತಾಯಿ ಅವಳಿಗೂ ಕೊಟ್ಟರು. ಅವಳು ಎರಡೂ ಕೈ ಚಾಚಿ ತೆಗೆದುಕೊಂಡಳು. ಗೊತ್ತಿದ್ದದ್ದನ್ನೇ ಯಾಕೆ ಬರೆಯುತ್ತಿದ್ದೇನೆಂದರೆ, ನಾವಿಬ್ಬರೂ ಅದನ್ನು ಇದುವರೆಗೆ ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ.

ಆ-ಹೋಯ್ ಒಳಗೆ ಬಂದ ದಿನ ಸಂಜೆ ಅವಳ ಅಜ್ಜಿ ಕಿಟಕಿಯ ಕೆಳಗೆ ದೋಣಿ ತಂದು ನಿಲ್ಲಿಸಿ ನನ್ನನ್ನು ಕರೆದಳು. ಸಂತೋಷ ಹೇಳಲು ಬಂದಳೆಂದುಕೊಂಡೆ.

"ನೀವು ಸುಮ್ನೆ ಕರೆದುಬಿಟ್ರಿ ಟೀಚರಮ್ಮ. ನಾಳೆ ದಡದವರು ಬಾವಿ ಹತ್ರ ಬಿಡದೇ ಇದ್ರೆ ನಾವು ಕುಡಿಯೋದೇನು, ಈ ಉಪ್ಪುನೀರಾ?" ಎಂದಳು.

ಅವಳ ಮಾತು ಸುಳ್ಳಾಗಲಿಲ್ಲ. ಮರುದಿನವೇ ಫುಂಗ್ ಹಿರಿಯರು ಬಂದರು. ಸಿಗಡಿ ಗೊಜ್ಜಿನ ದೊಡ್ಡ ಅಂಗಡಿ ಅವರದು, ಸಮುದ್ರದೇವಿ ತಿನ್ ಹಾವ್‌ಳ ಗುಡಿಯ ಆಡಳಿತವೂ ಅವರದೇ. ದೇವಿಗೆ ದೋಣಿಯವರು ತರುವ ಹಂದಿಮಾಂಸ, ಊದುಬತ್ತಿ ಅವರಿಗೆ ಆಗುತ್ತದೆ. ದೋಣಿಯವರ ಮಗಳು ಬೆಂಚಿನ ಮೇಲೆ ಕೂತರೆ ಆಗುವುದಿಲ್ಲ. ಜಗಳ ಆಡಲಿಲ್ಲ ಅವರು, ಚಹಾ ಕುಡಿದರು, ಹವಾಮಾನ ಮಾತಾಡಿದರು. ಆಮೇಲೆ, ನೀರಿನವರ ಮಕ್ಕಳನ್ನು ಸೇರಿಸುವ ಪದ್ಧತಿ ಈ ಊರಲ್ಲಿಲ್ಲ ಎಂದರು. ನಾನು ಎದ್ದು ಹೋಗಿ ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದ ಶಾಲೆಯ ನಿಯಮವನ್ನು ಓದಿ ಹೇಳಿದೆ. ಯಾವ ಹುಡುಗಿಯಾದರೂ ಸೇರಬಹುದು ಎಂದು ಸರ್ಕಾರವೇ ಬರೆದಿದೆ ಎಂದೆ.

ಅವರು ನಕ್ಕರು. "ಸರ್ಕಾರ ಎಲ್ಲೋ ಸಮುದ್ರದ ಆಚೆ ಇದೆ ಟೀಚರಮ್ಮ. ನಾನು ನಿಮ್ಮ ಪಕ್ಕದ ಮನೇಲಿ ಇದ್ದೀನಿ."

ವಾರ ಕಳೆಯುವುದರೊಳಗೆ ಬೆಂಚುಗಳು ಖಾಲಿಯಾದವು. ಉಳಿದವರು ಆ-ಹೋಯ್, ಅವಳ ಹಿಂದೆ ಬಂದ ಇನ್ನಿಬ್ಬರು ದೋಣಿ ಹುಡುಗಿಯರು, ದಡದವರ ಪೈಕಿ ಸೋಯಾ ಹಾಲು ಹೆಪ್ಪುಗಟ್ಟಿಸಿ ತೌಫು ಮಾಡುವ ತಾಮ್ ಮನೆಯ ಮೇ-ಕ್ವಾನ್ ಒಬ್ಬಳು. ಅವಳ ಅಮ್ಮ ಅವಳನ್ನು ಹಿಂಬಾಗಿಲಿನಿಂದ ಕಳಿಸುತ್ತಿದ್ದಳು. ಬಾವಿಯ ಹಗ್ಗವನ್ನು ದೋಣಿಯವರು ಮುಟ್ಟುವ ಹಾಗಿಲ್ಲ ಎಂದು ಗುಡಿಯಿಂದ ಅಪ್ಪಣೆಯಾಯಿತು. ಆ-ಹೋಯ್‌ಳ ಅಜ್ಜಿ ಮೊಮ್ಮಗಳನ್ನು ಬಿಡಿಸಿಕೊಂಡು ಹೋಗುತ್ತಾಳೆಂದು ಕಾದೆ. ಅವಳು ಬರಲಿಲ್ಲ. ಹೆಂಗಸರನ್ನು ಕಟ್ಟಿಕೊಂಡು, ದೋಣಿ ಹತ್ತಿ, ಕೋಡುಗಲ್ಲು ಸುತ್ತಿ ಆಚೆಬದಿಯ ತೊರೆಯಿಂದ ನೀರು ತರತೊಡಗಿದಳು. ಕೇಳಿದ್ದಕ್ಕೆ ಬೈದಳು: "ಅವರು ಬೇಡ ಅಂದ ಮೇಲೆ ಬಿಡ್ತೀನಾ? ನಮ್ಮ ಹುಡುಗಿ ಓದ್ಲಿ ಬಿಡ್ಲಿ, ಅಲ್ಲೇ ಕೂತ್ಕೋಬೇಕು."

ಇನ್ಸ್‌ಪೆಕ್ಟರ್ ಸಾಹೇಬರಿಗೆ ನಾನೇ ಬರೆದು ಕರೆಸಿದೆ. ಅಲ್ಲಿಯವರೆಗೆ ಸರ್ಕಾರ ನನ್ನ ಬೆನ್ನಿಗಿದೆ ಎಂಬ ಭ್ರಮೆ ಇತ್ತು. ಸಾಹೇಬರು ಕೆಟ್ಟವರಲ್ಲ. ನಮ್ಮ ಮಾತನ್ನು ಚೆನ್ನಾಗಿಯೇ ಆಡುತ್ತಾರೆ. ಆದರೆ ಅವರಿಗೆ ಬೇಕಾಗಿದ್ದದ್ದು ಗಲಾಟೆ ಇಲ್ಲದ ಊರು. ದೋಣಿ ಮಕ್ಕಳಿಗೆ ಭಾನುವಾರ ಬೇರೆಯಾಗಿ ಮರಳ ಮೇಲೆ ಕೂರಿಸಿ ಪಾಠ ಹೇಳಬಹುದಲ್ಲ ಎಂದರು. ಮರಳ ಮೇಲೆ ಕೂರಲು ಅವರಿಗೆ ಸರ್ಕಾರದ ಅಪ್ಪಣೆ ಬೇಕಾಗಿಲ್ಲ ಎಂದೆ. ಸಾಹೇಬರ ಮುಖ ಕೆಂಪಾಯಿತು. ಮುಂದಿನ ತಪಾಸಣೆಯ ದಿನ ಇಪ್ಪತ್ತು ಹುಡುಗಿಯರಿರದಿದ್ದರೆ ಶಾಲೆಗೆ ಬೀಗ ಎಂದರು. ಅದಕ್ಕೂ ಮುಂಚೆ ಊರಿನವರ ಜೊತೆ ಕೂತು ಮಾತಾಡಿ ಬಗೆಹರಿಸಿಕೊಳ್ಳಿ ಎಂದು ತಾವೇ ಸಭೆ ಕರೆದರು.

ಆ ಸಭೆ ಶಾಲೆಯಲ್ಲೇ ನಡೆಯಿತು. ಬೆಂಚಿನ ಮೇಲೆ ಗಂಡಸರು, ಬಾಗಿಲಲ್ಲಿ ಒತ್ತೊತ್ತಾಗಿ ನಿಂತ ಜನ, ಕಿಟಕಿಯಾಚೆ ದೋಣಿಗಳ ಮೇಲೆ ನೀರಿನವರು. ನಾನು ನಿಯಮ ಹೇಳಿದೆ, ನ್ಯಾಯ ಹೇಳಿದೆ, ಚೀನಾದ ಹೊಸ ಗಣರಾಜ್ಯದಲ್ಲಿ ಎಲ್ಲರೂ ಸಮ ಎಂದು ಕ್ಯಾಂಟನ್ನಿನ ಪತ್ರಿಕೆಗಳಲ್ಲಿ ಓದಿದ್ದನ್ನೂ ಹೇಳಿದೆ. ಯಾರೂ ಅಲುಗಲಿಲ್ಲ. ಕೊನೆಗೆ ಫುಂಗ್ ಹಿರಿಯರು ಅನುಕಂಪದ ದನಿಯಲ್ಲಿ ಕೇಳಿದರು.

"ನೀವು ಓದಿದ ಹೆಣ್ಣುಮಗಳು, ಒಳ್ಳೇ ಮನೆತನದವರು. ನಿಮಗ್ಯಾಕಮ್ಮ ಈ ಸಂಕಟ? ಅವರೇನು ನಿಮ್ಮ ನೆಂಟರಾ?"

ಎಲ್ಲರೂ ನಕ್ಕರು. ಸಾಹೇಬರೂ ಮುಗುಳ್ನಕ್ಕರು.

"ಹೌದು," ಎಂದೆ. "ನನ್ನ ಹೆಸರು ಶುಯ್-ಹೋ. ನಾನು ಹುಟ್ಟಿದ್ದು ದೋಣಿ ಮೇಲೆ. ನನ್ನ ಅವ್ವ ಬಂದರಿನಲ್ಲಿ ಹುಟ್ಟು ಹಾಕಿ ಜನರನ್ನ ದಾಟಿಸ್ತಾಳೆ. ಇಷ್ಟು ದಿನ ನಿಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ್ದು ಒಬ್ಬ ನೀರಿನವಳು."

ಎಲ್ಲರೂ ಒಟ್ಟಿಗೇ ಮಾತಾಡತೊಡಗಿದರು. ನಾನು ಮನೆಗೆ ಹೋಗುವಷ್ಟರಲ್ಲಿ ಬಾಡಿಗೆಮನೆಯ ಯಜಮಾನಿ ನನ್ನ ಹಾಸಿಗೆ, ಪೆಟ್ಟಿಗೆಗಳನ್ನು ಬೀದಿಗೆ ಇಟ್ಟಿದ್ದಳು. ಗೋಡೆಯ ಮೇಲಿದ್ದ ನಮ್ಮಿಬ್ಬರ ಫೋಟೋವನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿಟ್ಟಿದ್ದಳು.

ಆ ರಾತ್ರಿಗೆ ಆ-ಹೋಯ್‌ಳ ಅಜ್ಜಿಯ ದೋಣಿಯಲ್ಲಿ ಜಾಗ ಸಿಕ್ಕಿತು. ಸುದ್ದಿ ಬಾಯಿಂದ ಬಾಯಿಗೆ ಬಂದರು ಮುಟ್ಟಿ, ಎರಡು ದಿನ ಕಳೆದ ಮೇಲೆ ಅವ್ವ ತನ್ನ ಸಾಂಪಾನ್ ದೋಣಿಯನ್ನು ಒಬ್ಬಳೇ ನಡೆಸಿಕೊಂಡು ಬಂದಳು. ಅಪ್ಪಿಕೊಂಡು ಅಳುತ್ತಾಳೆಂದುಕೊಂಡಿದ್ದೆ. ಮೊದಲು ಸಿಕ್ಕಿದ್ದು ಬೈಗುಳ.

"ಯಾಕೇ ಬಾಯಿ ಬಿಟ್ಟೆ? ಇಷ್ಟು ವರ್ಷ ನಾನು ನಾಲಿಗೆ ಕಚ್ಕೊಂಡು ಇದ್ದಿದ್ದೆಲ್ಲ ನೀರಿಗೆ ಹಾಕಿದ್ಯಲ್ಲ. ಎರಡು ನಿಮಿಷ ಸುಮ್ನಿರೋಕೆ ಆಗ್ಲಿಲ್ವಾ ನಿಂಗೆ?"

ಬೈದು ಮುಗಿಸಿ ಅವಳೇ ಗಂಜಿ ಕಾಯಿಸಿ, ಒಣಮೀನು ಸುಟ್ಟು, ನನ್ನ ಮುಂದಿಟ್ಟು, ನಾನು ತಿನ್ನುವುದನ್ನು ನೋಡುತ್ತ ಕೂತಳು. ಬಟ್ಟಲು ಖಾಲಿಯಾದ ಮೇಲೆ ಕೇಳಿದಳು: "ಎಷ್ಟು ಹುಡುಗೀರು ಬೇಕಂತೆ ಆ ದೊರೆಗೆ?"

ಆಮೇಲೆ ಅವಳನ್ನು ಹಿಡಿಯಲಾಗಲಿಲ್ಲ. ಕೊಲ್ಲಿಯಲ್ಲಿ ನಿಂತ ಪ್ರತಿ ದೋಣಿಗೂ, ಪಕ್ಕದ ಕೊಲ್ಲಿಯ ದೋಣಿಗಳಿಗೂ ಹೋದಳು. ಅವಳು ಹೇಳುತ್ತಿದ್ದದ್ದು ಒಂದೇ ಮಾತು, ನಾನು ನನ್ನ ಕಿವಿಯಾರೆ ಕೇಳಿದ್ದೇನೆ: "ನನ್ನ ಮಗಳು ಟೀಚರು. ನಿನ್ನ ಮಗಳು ಏನಾಗ್ತಾಳೆ ಹೇಳು." ನಿಮ್ಮ ಮನೆಯ ಅಡುಗೆಮನೆಯಲ್ಲಿ ಹೇಳದೇ ನುಂಗಿದ್ದನ್ನು ಸಮುದ್ರಕ್ಕೆಲ್ಲ ಕೇಳುವ ಹಾಗೆ ಹೇಳಿಬಂದಳು, ಯಿಕ್-ಚುನ್. ಕೆಲವರು ಅವಳನ್ನು ಓಡಿಸಿದರು. ಇಲ್ಲಿ ದೋಣಿ ಕಟ್ಟುವ ಜಾಗ ತಪ್ಪಿದರೆ ಚಂಡಮಾರುತ ಬಂದಾಗ ಎಲ್ಲಿ ಹೋಗೋಣ ಎಂದು ಕೇಳಿದ ತಾಯಂದಿರನ್ನು ಅವಳು ಒತ್ತಾಯಿಸಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಫುಂಗ್ ಹಿರಿಯರು ಸಾಹೇಬರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ದೋಣಿಗಳು ಒಂದೊಂದಾಗಿ ಕಿಟಕಿಯ ಕೆಳಗೆ ಬಂದವು. ದಡದ ಮೆಟ್ಟಿಲು ಹತ್ತಿ ಬಾಗಿಲಿಗೆ ಸುತ್ತಿ ಬರಲು ದಡದ ಹುಡುಗರು ಬಿಡಲಿಲ್ಲ, ಆದ್ದರಿಂದ ಹುಡುಗಿಯರು ಕಿಟಕಿ ಹತ್ತಿ ಒಳಗಿಳಿದರು. ಒದ್ದೆ ಕೂದಲು, ಕಪ್ಪು ಬಟ್ಟೆ, ಬೆನ್ನಿಗೆ ಕಟ್ಟಿದ ತಮ್ಮ ತಂಗಿಯರು. ಕುಡಿಯುವ ನೀರು ಇಲ್ಲಿ ಕೊಡುವುದಿಲ್ಲವೆಂದು ತಿಳಿದು ಒಬ್ಬೊಬ್ಬಳೂ ಬಿದಿರು ಕೊಳವೆಯಲ್ಲಿ ನೀರು ತಂದಿದ್ದಳು. ಬೆಂಚಿನ ಮೇಲೆ ಹೇಗೆ ಕೂರಬೇಕೆಂದು ತಿಳಿಯದೆ ಇಬ್ಬರು ಅದರ ಮೇಲೆ ಕುಕ್ಕರುಗಾಲಲ್ಲಿ ಕೂತರು. ಆ-ಹೋಯ್ ಅವರಿಗೆ ಕಾಲು ಇಳಿಬಿಡುವುದು ಹೇಳಿಕೊಟ್ಟಳು.

ಬೆನ್ನ ಮೇಲಿನ ಕೂಸುಗಳು ಲೆಕ್ಕಕ್ಕಿಲ್ಲ ಎಂದರು ಸಾಹೇಬರು. ಸರಿ ಎಂದೆ. ಅಷ್ಟಾದರೂ ಇಪ್ಪತ್ತನ್ನು ಮೀರಿತು. ಇವರಿಗೆ ಓದಲು ಬರುವುದಿಲ್ಲವಲ್ಲ ಎಂದರು. ಅದಕ್ಕೇ ಶಾಲೆಗೆ ಬಂದಿದ್ದಾರೆ ಎಂದೆ. ಅಷ್ಟರಲ್ಲಿ ತಾಮ್ ಮನೆಯ ಸೊಸೆ, ತನ್ನ ಮಗಳು ಮೇ-ಕ್ವಾನ್‌ಳ ಕೈ ಹಿಡಿದು ಮುಂಬಾಗಿಲಿನಿಂದ ಬಂದಳು. ಮುಂಗೈಗೆ ಸೋಯಾ ಹಿಟ್ಟು ಹಾಗೇ ಮೆತ್ತಿಕೊಂಡಿತ್ತು. ಫುಂಗ್ ಹಿರಿಯರ ಮುಂದೆ ನಿಂತು, "ನಿಮ್ಮ ಜಗಳ ಮುಗಿಯೋವರೆಗೂ ನನ್ನ ಮಗಳನ್ನ ಮನೇಲಿ ಕೂರಿಸೋಕಾಗಲ್ಲ ಹಿರಿಯರೇ. ನೀವು ನಮ್ಮಲ್ಲಿ ತೌಫು ತಗೊಳ್ಳದಿದ್ರೂ ಪರವಾಗಿಲ್ಲ," ಎಂದು ಮಗಳನ್ನು ಆ-ಹೋಯ್‌ಳ ಪಕ್ಕ ಕೂರಿಸಿ ಹೋದಳು.

ಶಾಲೆಗೆ ಬೀಗ ಬೀಳಲಿಲ್ಲ. ಎಲ್ಲ ಗೆದ್ದೆವೆಂದು ಹೇಳುತ್ತಿಲ್ಲ. ಬಾವಿ ಈಗಲೂ ಮುಚ್ಚಿದೆ. ದಡದ ಹುಡುಗಿಯರಲ್ಲಿ ಕೆಲವರಷ್ಟೇ ಮರಳಿದ್ದಾರೆ, ಅದರಲ್ಲೂ ಒಬ್ಬಳು ಬೆಂಚಿನ ತುದಿಗೆ ಬಟ್ಟೆ ಹಾಸಿ ಕೂರುತ್ತಾಳೆ. ಹುಟ್ಟಿನ ವಿಚಾರದಲ್ಲಿ ಸುಳ್ಳು ಹೇಳಿದ್ದಕ್ಕಾಗಿ ಇಲಾಖೆ ನನ್ನನ್ನು ಕಾಯಂ ಮಾಡುವುದಿಲ್ಲವಂತೆ. ನಾನು ಅವ್ವನ ದೋಣಿಯಲ್ಲಿ ಮಲಗುತ್ತೇನೆ, ಬೆಳಿಗ್ಗೆ ಕಿಟಕಿಯಿಂದಲೇ ಶಾಲೆಗಿಳಿಯುತ್ತೇನೆ.

ನನ್ನಿಂದ ನಿಮ್ಮ ಬಡ್ತಿಗೆ ತೊಂದರೆ ಎಂದು ಬರೆದಿದ್ದೀರಿ. ಇರಬಹುದು. ನೀವು ನನ್ನೊಡನೆ ಒರಟಾಗಿ ಮಾತಾಡಿದವರಲ್ಲ, ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಇಟ್ಟವರು. ಅದನ್ನು ಮರೆತಿಲ್ಲ. ಆದರೆ ತಂದೆತಾಯಿ ಸತ್ತ ಪುಯ್-ಲಾನ್ ಆಗಿ ನಾನು ಆ ಮನೆಗೆ ಕಾಲಿಡುವುದಿಲ್ಲ. ನಿಮಗೆ ಹೆಂಡತಿ ಬೇಕಿದ್ದರೆ ಇಲ್ಲಿಗೆ ಬನ್ನಿ. ಹಗಲು ಹೊತ್ತಿನಲ್ಲಿ ಬನ್ನಿ, ಊರೆಲ್ಲ ನೋಡುವಾಗ ಹಲಗೆ ದಾಟಿ ದೋಣಿಗೆ ಬನ್ನಿ, ನನ್ನ ಅವ್ವನನ್ನು ಅತ್ತೆ ಎಂದು ಕರೆಯಿರಿ. ಅಷ್ಟು ಮಾಡಲಾಗದಿದ್ದರೆ ಪತ್ರ ಬರೆಯುವ ಶ್ರಮವೂ ಬೇಡ.

ನಿಮ್ಮ ಆರೋಗ್ಯ ನೋಡಿಕೊಳ್ಳಿ.

ಇತಿ,
ದೋಣಿಯ ಲಾಯ್ ಮನೆತನದ
ಶುಯ್-ಹೋ

ಮರೆತ ಮಾತು: ಸುದ್ದಿ ಸ್ಟೀಮರಿನವರಿಂದ ತಿಳಿಯಿತು ಎಂದು ಬರೆದಿದ್ದೀರಿ. ಯಾಕೆ ಆ ಸುಳ್ಳು? ಸಭೆಯ ದಿನ ಬಾಗಿಲಲ್ಲಿ ನಿಂತವರ ಹಿಂದೆ ನೀವಿದ್ದಿರಿ, ಟೋಪಿಯನ್ನು ಹಣೆಗೆ ಎಳೆದುಕೊಂಡು. ಹಿರಿಯರು ನೆಂಟರಾ ಎಂದು ಕೇಳಿದಾಗ ನನಗೆ ಧೈರ್ಯ ಸಾಲಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದಿದ್ದೆ. ಆಗ ನಿಮ್ಮನ್ನು ಕಂಡೆ. ಬೇಡ ಎಂದು ನೀವು ತಲೆ ಅಲ್ಲಾಡಿಸಿದಿರಿ. ಹೌದು ಎಂದದ್ದು ಅದಾದ ಮೇಲೆ.